ನಮ್ಮ ಮಕ್ಕಳಿಗೆ ಚರಿತ್ರೆಯನ್ನು ಕಲಿಸುವ ವಿಧ

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಸೀಮೆಗಳ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ. ಓದತಕ್ಕ ವೇದಭಾಗಗಳು: ಯೆಹೋಶುವ 4ನೆಯ ಅಧ್ಯಾಯ, ಲೂಕ 1: 1–4)



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿ ಬಂದಾಗ ಗೋತ್ರಕ್ಕೆ ಒಬ್ಬನಂತೆ ಹನ್ನೆರಡು ಮಂದಿ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ತಂದರು. ಯೆಹೋಶುವನು ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಇದರ ಕಾರಣವನ್ನು ಆ ಅಧ್ಯಾಯವೇ ತಿಳಿಸುತ್ತದೆ. ಮುಂದಿನ ಕಾಲದಲ್ಲಿ ಮಕ್ಕಳು ಆ ಕಲ್ಲುಗಳನ್ನು ಕಂಡು ಇವು ಏನೆಂದು ತಂದೆಗಳನ್ನು ಕೇಳುವರು. ಆಗ ತಂದೆಗಳು ನಡೆದ ಸಂಗತಿಯನ್ನು ತಿಳಿಸಬೇಕು. ಕೇಳುವದು ಮಗುವಿನ ಸ್ವಭಾವ. ಹೇಳುವದು ಹಿರಿಯರ ಕರ್ತವ್ಯ. ಹೇಳುವವರು ಇಲ್ಲದಿದ್ದರೆ ಕಲ್ಲು ಬರೀ ಕಲ್ಲಾಗಿಯೇ ಉಳಿಯುವದು.

ನಮ್ಮ ಸೀಮೆಯಲ್ಲಿಯೂ ಇಂಥ ಕಲ್ಲುಗಳಿಗೆ ಕಡಮೆಯಿಲ್ಲ. ಮೂಡಬಿದ್ರೆಯ ಮಗು ಶಾಲೆಗೆ ಹೋಗುವ ದಾರಿಯಲ್ಲಿ ಬಸದಿಗಳನ್ನು ಕಾಣುತ್ತದೆ. ಬೆಳ್ತಂಗಡಿಯ ಮಗುವಿನ ಕಣ್ಣಿಗೆ ಗಡಾಯಿಕಲ್ಲು ದಿನಾಲೂ ಬೀಳುತ್ತದೆ. ಬಂಟ್ವಾಳದ ಮಗು ನೇತ್ರಾವತಿಯ ದಡದಲ್ಲಿಯೇ ಬೆಳೆಯುತ್ತದೆ. ಇದನ್ನು ಕಟ್ಟಿಸಿದವರು ಯಾರು, ಆಗ ನಮ್ಮವರು ಎಲ್ಲಿದ್ದರು ಎಂದು ಆ ಮಗು ಕೇಳಿದರೆ ನಾವು ಏನು ಉತ್ತರ ಕೊಡುತ್ತೇವೆ? ಈ ತಿಂಗಳ ಪಾಠದಲ್ಲಿ ನಾವು ಇದನ್ನೇ ಆಲೋಚಿಸೋಣ.

1. ಚರಿತ್ರೆಯನ್ನು ಕಲಿಸದಿದ್ದರೆ ಆಗುವ ಕೇಡು

ಈಗಿನ ಕ್ರಮದಲ್ಲಿ ಪ್ರಾಥಮಿಕ ಶಾಲೆಯ ಚಿಕ್ಕ ತರಗತಿಗಳಲ್ಲಿ ಚರಿತ್ರೆಗೆಂದು ಬೇರೆ ಪುಸ್ತಕವಿಲ್ಲ. ಅದು ಪರಿಸರ ಅಧ್ಯಯನವೆಂಬ ಪಾಠದೊಳಗೆ ಸೇರಿ ಬರುತ್ತದೆ. ಆದಕಾರಣ ಮಗುವಿಗೆ ತನ್ನ ಊರಿನ ಹಿಂದಿನ ಸಂಗತಿಗಳು ತಿಳಿಯುವದೂ ತಿಳಿಯದೆ ಹೋಗುವದೂ ಹೆಚ್ಚಾಗಿ ಉಪಾಧ್ಯಾಯರ ಮತ್ತು ಮನೆಯವರ ಕೈಯಲ್ಲಿ ಉಂಟು. ಅವರು ಅಲಕ್ಷ್ಯ ಮಾಡಿದರೆ ಎರಡು ವಿಧವಾದ ಕೇಡು ಬರುತ್ತದೆ.

ಮೊದಲನೆಯದು, ನಮ್ಮ ಕ್ರೈಸ್ತ ಮಗು ತನ್ನ ಚರಿತ್ರೆ 1834ನೇ ಇಸವಿಯಲ್ಲಿ ಹುಟ್ಟಿತೆಂದು ತಿಳಿಯುವದು. ಬಾಸೆಲ್ ಮಿಶನಿನ ಮೂವರು ಸೇವಕರು ಆ ವರುಷ ಮಂಗಳೂರಿಗೆ ಬಂದರೆಂಬದನ್ನು ಅದು ಸಭೆಯ ಉತ್ಸವದಲ್ಲಿ ಕೇಳಿರುತ್ತದೆ. ಅದಕ್ಕೆ ಮುಂಚಿನದ್ದೆಲ್ಲಾ ಪರರ ಸೊತ್ತೆಂದು ಎಣಿಸುತ್ತದೆ. ಬಸದಿ ಜೈನರದು, ಕೋಟೆ ಸುಲ್ತಾನನದು, ಬೀಡು ಅರಸುಗಳದು, ತನಗೆ ಮಾತ್ರ ಏನೂ ಇಲ್ಲವೆಂದು ಭಾವಿಸಿ ಹುಟ್ಟಿದ ಮಣ್ಣಿನಲ್ಲಿಯೇ ಬಿಡಾರದವನಂತೆ ಬೆಳೆಯುತ್ತದೆ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಶಾಲೆಯಲ್ಲಿ ಕಲಿಸದ ಚರಿತ್ರೆಯನ್ನು ಮಗು ಬೇರೆಲ್ಲಿಂದಲೋ ಕಲಿಯುವದು. ಅಂಗಡಿಯ ಜಗಲಿಯಿಂದಲೂ ಜಗಳದ ಮಾತಿನಿಂದಲೂ ಈಗಿನ ಕಾಲದಲ್ಲಿ ಕೈಯಲ್ಲಿ ಹಿಡಿದ ಫೋನಿನಿಂದಲೂ ಅರ್ಧ ಸತ್ಯಗಳು ಹರಿದು ಬರುತ್ತವೆ. ಅವುಗಳಲ್ಲಿ ನಮ್ಮವರು ಯಾವಾಗಲೂ ಒಳ್ಳೆಯವರು, ಪರರು ಯಾವಾಗಲೂ ದುಷ್ಟರು. ಹೀಗೆ ಕಲಿತ ಮಗು ಪಕ್ಕದ ಬೆಂಚಿನ ಹುಡುಗನನ್ನು ನಾಲ್ಕು ಶತಮಾನಗಳ ಹಿಂದಿನ ಒಬ್ಬ ದೊರೆಯ ಹೆಸರಿನಿಂದ ನೋಡತೊಡಗುತ್ತದೆ.

ಈ ಎರಡು ಕೇಡುಗಳಿಗೂ ಮದ್ದು ಒಂದೇ. ಸತ್ಯವಾದ ಚರಿತ್ರೆಯನ್ನು, ಹತ್ತಿರದ ವಸ್ತುಗಳಿಂದ ಆರಂಭಿಸಿ, ನಮಗೂ ಪರರಿಗೂ ಒಂದೇ ಅಳತೆಯಿಂದ ಕಲಿಸಬೇಕು.

2. ಹಗ್ಗದ ಪಾಠ

ಎಂಟು ವರುಷದ ಮಗುವಿಗೆ ಆರುನೂರು ವರುಷವೆಂದರೆ ಏನೂ ತೋರದು. ನಿನ್ನೆಯೂ ಅಜ್ಜನ ಕಾಲವೂ ನೋಹನ ಕಾಲವೂ ಅದಕ್ಕೆ ಒಂದೇ. ಆದುದರಿಂದ ಇಸವಿಗಳನ್ನು ಬಾಯಿಪಾಠ ಮಾಡಿಸುವ ಮೊದಲು ಕಾಲದ ಉದ್ದವನ್ನು ಕಣ್ಣಿಗೆ ತೋರಿಸಬೇಕು. ಇದಕ್ಕೆ ಖರ್ಚಿಲ್ಲದ ಒಂದು ಉಪಾಯ ಉಂಟು.

ಒಂದು ಉದ್ದವಾದ ತೆಂಗಿನ ನಾರಿನ ಹಗ್ಗವನ್ನು ತೆಗೆದುಕೊಂಡು ಹತ್ತು ವರುಷಕ್ಕೆ ಒಂದು ಗೇಣಿನಂತೆ ಅಳೆಯಿರಿ. ಆಗ ನೂರು ವರುಷಕ್ಕೆ ಹತ್ತು ಗೇಣು, ಅಂದರೆ ಐದು ಮೊಳ. ಹಗ್ಗದ ತುದಿ ಈ ದಿನ. ಮಗುವಿನ ಹುಟ್ಟು ಒಂದು ಗೇಣಿನ ಒಳಗೆಯೇ ಬರುವದು. ಅಲ್ಲಿ ಒಂದು ಬಣ್ಣದ ದಾರವನ್ನು ಮಗುವೇ ಕಟ್ಟಲಿ. ತಾಯಿಯ ಹುಟ್ಟು ಮೂರು ನಾಲ್ಕು ಗೇಣು ದೂರ. ಅಜ್ಜಿಯದು ಆರೇಳು ಗೇಣು. ಈ ಮೂರು ಗಂಟುಗಳನ್ನು ಕಟ್ಟಿದ ಮಗು ಮುಂದಿನ ಗಂಟುಗಳನ್ನು ತಾನಾಗಿ ಕೇಳುವದು.

ಬಾಸೆಲಿನವರು ಬಂದ 1834ನೇ ಇಸವಿಯ ಗಂಟು ಸುಮಾರು ಹತ್ತೊಂಭತ್ತು ಗೇಣಿನಲ್ಲಿ ಬೀಳುತ್ತದೆ. ವೇಣೂರಿನ ಗೊಮ್ಮಟನು ನಿಂತ 1604ನೇ ಇಸವಿ ಸುಮಾರು ನಲ್ವತ್ತೆರಡು ಗೇಣಿನಲ್ಲಿ. ಮೂಡಬಿದ್ರೆಯ ಸಾವಿರ ಕಂಬದ ಬಸದಿಯ 1430ನೇ ಇಸವಿ ಸುಮಾರು ಅರುವತ್ತು ಗೇಣಿನಲ್ಲಿ, ಅಂದರೆ ಮೂವತ್ತು ಮೊಳದಲ್ಲಿ. ನಮ್ಮ ಕರ್ತನ ಜನನದ ತನಕ ಹಗ್ಗವನ್ನು ಎಳೆಯಬೇಕಾದರೆ ನೂರು ಮೊಳ ಬೇಕು; ಶಾಲೆಯ ಜಗಲಿ ಸಾಲದು, ಅಂಗಳಕ್ಕೆ ಹೋಗಬೇಕು.

ಈ ಹಗ್ಗವನ್ನು ತೋರಿಸಿ ಉಪಾಧ್ಯಾಯರು ಒಂದು ಪ್ರಶ್ನೆ ಕೇಳಲಿ: ಹತ್ತೊಂಭತ್ತು ಗೇಣಿನ ಆಚೆ ನಮ್ಮ ಹಿರಿಯರು ಇರಲಿಲ್ಲವೋ? ಮಕ್ಕಳು ಸ್ವಲ್ಪ ಆಲೋಚಿಸಿ, ಇದ್ದರು ಎಂದು ಹೇಳುವರು. ಹೌದು, ಇದ್ದರು. ಬಸದಿಗೆ ಕಲ್ಲು ಎಳೆದವರಲ್ಲಿಯೂ ಅರಸುಗಳ ಗದ್ದೆಯನ್ನು ಉತ್ತವರಲ್ಲಿಯೂ ತಾಳೆಮರ ಹತ್ತಿದವರಲ್ಲಿಯೂ ಹೊಳೆಯಲ್ಲಿ ದೋಣಿ ನಡಿಸಿದವರಲ್ಲಿಯೂ ನಮ್ಮ ಹಿರಿಯರಂಥವರೇ ಇದ್ದರು. ಅವರ ಹೆಸರುಗಳು ಶಾಸನದಲ್ಲಿ ಇಲ್ಲ. ಆದರೆ ಅವರ ಬೆವರು ಆ ಕಲ್ಲಿನಲ್ಲಿ ಉಂಟು. ಹೀಗಿರಲಾಗಿ ಹಗ್ಗದ ಅರುವತ್ತು ಗೇಣೂ ನಮ್ಮ ಮಗುವಿನದೇ.

3. ಮೂಡಬಿದ್ರೆಯ ಪಾಠ

ಮೂಡು ಎಂದರೆ ಪೂರ್ವ, ಬಿದಿರೆ ಎಂದರೆ ಬಿದಿರು ಎಂಬದರಿಂದ ಪಾಠವನ್ನು ಆರಂಭಿಸಬಹುದು. ಊರಿನ ಹೆಸರೂ ಒಂದು ಹಳೇ ದಾಖಲೆಯೇ. ಈ ಊರಿನಲ್ಲಿ ಹದಿನೆಂಟು ಬಸದಿಗಳು ಉಂಟು. ಅವುಗಳಲ್ಲಿ ದೊಡ್ಡದಾದ ಸಾವಿರ ಕಂಬದ ಬಸದಿ ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಕಟ್ಟಲ್ಪಟ್ಟಿತು. ಅಲ್ಲಿನ ಕೆತ್ತನೆಗಳಲ್ಲಿ ಆಫ್ರಿಕ ಖಂಡದ ಜಿರಾಫೆಯ ರೂಪವೂ ಚೀನದವರು ಬಿಡಿಸುವಂಥ ಡ್ರ್ಯಾಗನಿನ ರೂಪವೂ ಉಂಟು. ಜಿರಾಫೆ ನಮ್ಮ ಕಾಡಿನ ಪ್ರಾಣಿಯಲ್ಲ. ಹಾಗಾದರೆ ಕಲ್ಲುಕುಟಿಗನಿಗೆ ಅದರ ರೂಪ ಗೊತ್ತಾದದ್ದು ಹೇಗೆ? ಮಕ್ಕಳೇ ಯೋಚಿಸಲಿ. ಕರಾವಳಿಯ ಬಂದರುಗಳಿಗೆ ದೂರ ದೇಶದ ಹಡಗುಗಳು ಬರುತ್ತಿದ್ದವು. ಸರಕಿನ ಸಂಗಡ ಸುದ್ದಿಗಳೂ ಚಿತ್ರಗಳೂ ಬಂದವು. ಒಂದು ಕೆತ್ತನೆಯಿಂದ ಇಷ್ಟು ತಿಳಿಯಬಹುದಾದರೆ ಪುಸ್ತಕವಿಲ್ಲವೆಂದು ಉಪಾಧ್ಯಾಯರು ದೂರಬೇಕಾದ ಕಾರಣವಿಲ್ಲ.

ಕ್ರೈಸ್ತ ಮಕ್ಕಳನ್ನು ಬಸದಿಗೆ ಕರಕೊಂಡು ಹೋಗಬಹುದೋ ಎಂದು ಕೆಲವರು ಸಂದೇಹಪಡುವರು. ನಾವು ಹೋಗುವದು ಪೂಜೆಗಲ್ಲ, ತಿಳುವಳಿಕೆಗೆ. ಮೊದಲು ಅಲ್ಲಿನವರ ಅಪ್ಪಣೆ ಕೇಳಿ, ಕೆರ ಕಳಚಿ, ಗದ್ದಲವಿಲ್ಲದೆ ಮರ್ಯಾದೆಯಿಂದ ನಿಲ್ಲಬೇಕು. ನಮ್ಮ ದೇವಾಲಯಕ್ಕೆ ನೆರೆಯವರು ಬಂದಾಗ ನಾವು ಏನನ್ನು ಬಯಸುವೆವೋ ಅದನ್ನೇ ಅವರಿಗೆ ಮಾಡಬೇಕು. ಇದು ಸಹ ಪಾಠದ ಒಂದು ಭಾಗವೇ.

ಮೂಡಬಿದ್ರೆಯಲ್ಲಿ ಇನ್ನೊಂದು ಭಂಡಾರ ಉಂಟು. ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಅನೇಕ ಶತಮಾನಗಳ ಕಾಲ ಇಲ್ಲಿ ಕಾಪಾಡಲ್ಪಟ್ಟವು. ಧವಲಾ 1939ರಿಂದ ಅಚ್ಚಾಗತೊಡಗಿತು. ಗೆದ್ದಲೂ ಮಳೆಯೂ ತಿನ್ನದಂತೆ ಗರಿಗಳನ್ನು ಕಾಪಾಡಿದವರ ತಾಳ್ಮೆಯನ್ನು ಮಕ್ಕಳಿಗೆ ತಿಳಿಸಬೇಕು. ಸತ್ಯವೇದವು ಸಹ ಅಚ್ಚಿನ ಯಂತ್ರ ಹುಟ್ಟುವ ಮೊದಲು ಕೈಬರಹದ ಪ್ರತಿಗಳಿಂದಲೇ ಉಳಿದು ಬಂತೆಂಬದು ಆಗ ನಮ್ಮ ಮಕ್ಕಳಿಗೆ ಸುಲಭವಾಗಿ ಅರ್ಥವಾಗುವದು.

ಚೌಟ ಅರಸುಗಳ ಅರಮನೆ, ಕೆತ್ತಿದ ಮರದ ಕಂಬಗಳ ಸಹಿತ, ಈ ಊರಿನಲ್ಲಿ ಇಂದಿಗೂ ನಿಂತದೆ. ಉಳ್ಳಾಲದ ರಾಣಿ ಅಬ್ಬಕ್ಕ ಈ ಚೌಟ ಮನೆತನದವಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಪ್ಪ ಕೇಳುತ್ತಾ ಮಂಗಳೂರು ಉಳ್ಳಾಲಗಳ ಮೇಲೆ ದಂಡೆತ್ತಿ ಬಂದು ಊರುಗಳನ್ನು ಸುಟ್ಟಾಗ ಅವಳು ಎದುರುನಿಂತಳು. ಇಲ್ಲಿ ಕ್ರೈಸ್ತ ಶಾಲೆಯ ಉಪಾಧ್ಯಾಯರು ತಡವರಿಸಬಾರದು. ಊರನ್ನು ಸುಟ್ಟವರ ಹಡಗಿನ ಹಾಯಿಯ ಮೇಲೆ ಶಿಲುಬೆಯ ಗುರುತು ಇತ್ತು. ಊರನ್ನು ಕಾಪಾಡಲು ನಿಂತವಳು ಜೈನ ಮನೆತನದ ರಾಣಿ. ಹೀಗೆ ಹೇಳಿದರೆ ಕ್ರಿಸ್ತನ ಹೆಸರಿಗೆ ಕುಂದು ಬಾರದು. ಆತನ ಹೆಸರನ್ನು ಇಟ್ಟುಕೊಂಡು ಅನ್ಯಾಯ ನಡಿಸುವದರಿಂದಲೇ ಕುಂದು ಬರುತ್ತದೆ.

ಇದೇ ಮನೆತನದ ಒಬ್ಬ ರಾಣಿಯನ್ನು 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೇ ಎಂಬ ಇಟಲಿ ದೇಶದ ಪ್ರವಾಸಿ ಮಣೇಲ್ ಎಂಬಲ್ಲಿ ಕಂಡನು. ಅವಳು ಸಿಂಹಾಸನದ ಮೇಲೆ ಕೂತಿರಲಿಲ್ಲ. ಬೇಸಾಯದ ಕಾಲುವೆಗಳ ಕೆಲಸವನ್ನು ನೋಡಲು ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳೆಂದು ಅವನು ಬರೆದಿಟ್ಟಿದ್ದಾನೆ. ಗದ್ದೆಯ ಬದಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇಂಥ ಸಂಗತಿ ಹತ್ತು ಯುದ್ಧಗಳ ಹೆಸರಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುವದು.

4. ಬೆಳ್ತಂಗಡಿಯ ಪಾಠ

ಈ ತಾಲೂಕಿನ ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಡದಲ್ಲಿ ಸುಮಾರು 35 ಅಡಿ ಎತ್ತರದ ಗೊಮ್ಮಟ ಮೂರ್ತಿ ಉಂಟು. 1604ರಲ್ಲಿ ತಿಮ್ಮಣ್ಣ ಅಜಿಲನು ಅದನ್ನು ನಿಲ್ಲಿಸಿದನೆಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಶಾಸನಗಳಲ್ಲಿ ಸಾಧಾರಣವಾಗಿ ಶಕ ವರುಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಸುಮಾರಾಗಿ ಸಿಕ್ಕುತ್ತದೆ. ಐದನೆಯ ತರಗತಿಯ ಮಗು ಈ ಲೆಕ್ಕವನ್ನು ಸಂತೋಷದಿಂದ ಮಾಡುವದು.

ಆದರೆ ಬೆಳ್ತಂಗಡಿಯಲ್ಲಿ ಕಠಿಣವಾದ ಪಾಠ ಗಡಾಯಿಕಲ್ಲಿನದು. 1794ರಲ್ಲಿ ಟಿಪ್ಪು ಸುಲ್ತಾನನು ಆ ಬಂಡೆಯ ಮೇಲೆ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟನು. ಅದು ಅವನ ತಾಯಿಯ ಹೆಸರಿನಿಂದ ಬಂದದ್ದೆಂದು ಹೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಕೋಟೆ ಇಂಗ್ಲಿಷರ ವಶವಾಯಿತು. ಇಷ್ಟು ನಮಗೆ ಗೊತ್ತಿರುವ ಸಂಗತಿ. ಶತ್ರುಗಳನ್ನು ಆ ಬಂಡೆಯಿಂದ ಕೆಳಗೆ ದೂಡುತ್ತಿದ್ದರೆಂಬದು ಜನರ ಬಾಯಲ್ಲಿ ಇರುವ ಮಾತು. ಈ ಎರಡನ್ನು ಬೇರೆ ಬೇರೆಯಾಗಿ ಹಿಡಿಯುವದನ್ನು ಮಗುವಿಗೆ ಈಗಲೇ ಕಲಿಸಬೇಕು. ಕರಿಹಲಗೆಯ ನಡುವೆ ಒಂದು ಗೀಟು ಎಳೆದು, ಎಡಗಡೆ "ತಿಳಿದದ್ದು" ಎಂದೂ ಬಲಗಡೆ "ಹೇಳುವದು" ಎಂದೂ ಬರೆಯಿರಿ. ಪ್ರತಿಯೊಂದು ಮಾತು ಯಾವ ಬದಿಗೆ ಹೋಗಬೇಕೆಂದು ಮಕ್ಕಳೇ ತೀರ್ಮಾನಿಸಲಿ. ಸುವಾರ್ತಿಕನಾದ ಲೂಕನು ಕಣ್ಣಾರೆ ಕಂಡವರಿಂದ ಕೇಳಿ, ಎಲ್ಲವನ್ನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆದನಲ್ಲವೇ? ಆ ವಿಚಾರಣೆಯ ಅಭ್ಯಾಸ ನಮ್ಮ ಶಾಲೆಗಳಿಗೂ ಬೇಕು.

1784ರ ಸಂಗತಿಯನ್ನು ಬಿಟ್ಟುಬಿಡಲಾಗದು. ಇಂಗ್ಲಿಷರ ಸಂಗಡ ಮಂಗಳೂರಿನಲ್ಲಿ ನಡೆದ ಯುದ್ಧದ ತರುವಾಯ, ಈ ಸೀಮೆಯ ಕಥೋಲಿಕ ಕ್ರೈಸ್ತರು ಶತ್ರುಗಳಿಗೆ ಸಹಾಯಮಾಡಿದರೆಂಬ ಸಂಶಯದಿಂದ ಟಿಪ್ಪು ಅವರನ್ನು ಸೆರೆಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡಿಸಿದನು. ಸಾವಿರಾರು ಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತರು. ಅವರ ಇಗರ್ಜಿಗಳು ಕೆಡವಲ್ಪಟ್ಟವು. ಉಳಿದವರು ಬಿಡುಗಡೆ ಹೊಂದಿದ್ದು 1799ರಲ್ಲಿ. ಇದು ನಡೆದದ್ದು, ಇದನ್ನು ಮುಚ್ಚಿಡಬಾರದು. ಇದೇ ಟಿಪ್ಪು, 1791ರಲ್ಲಿ ಮರಾಟರ ದಂಡು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ, ಅಲ್ಲಿನ ಸ್ವಾಮಿಗಳಿಗೆ ಗೌರವದ ಕಾಗದಗಳನ್ನು ಬರೆದು ದ್ರವ್ಯ ಸಹಾಯ ಮಾಡಿದನು. ಇದೂ ನಡೆದದ್ದು; ಇದನ್ನೂ ಮುಚ್ಚಿಡಬಾರದು.

ಈ ಪಾಠ ನಡೆಯುವಾಗ ತರಗತಿಯಲ್ಲಿ ಒಬ್ಬ ಮುಸಲ್ಮಾನ ಹುಡುಗನು ಕೂತಿರಬಹುದು, ಅವನ ಪಕ್ಕದಲ್ಲಿ ಒಬ್ಬ ಕಥೋಲಿಕ ಹುಡುಗಿಯೂ ಇರಬಹುದು. ಮಾಡಿದವನು ಒಬ್ಬ ಅರಸನು, ಯುದ್ಧದ ಕಾಲದಲ್ಲಿ, ಅರಸನ ಅಧಿಕಾರದಿಂದ. ಈ ಹುಡುಗನಾಗಲಿ ಅವನ ತಂದೆಯಾಗಲಿ ಅಜ್ಜನಾಗಲಿ ಅದಕ್ಕೆ ಉತ್ತರವಾದಿಗಳಲ್ಲ ಎಂದು ಉಪಾಧ್ಯಾಯರು ಬಾಯಿಬಿಟ್ಟು ಹೇಳಬೇಕು. ಮೌನವಾಗಿದ್ದರೆ ಸಾಲದು. ಪೋರ್ಚುಗೀಸರು ಊರು ಸುಟ್ಟದ್ದಕ್ಕೆ ನಮ್ಮ ಮಗು ಹೇಗೆ ಉತ್ತರವಾದಿಯಲ್ಲವೋ ಹಾಗೆಯೇ ಆ ಹುಡುಗನೂ ಅಲ್ಲ. ಅಬ್ಬಕ್ಕನ ಪಾಠವನ್ನೂ ಗಡಾಯಿಕಲ್ಲಿನ ಪಾಠವನ್ನೂ ಒಂದೇ ವಾರದಲ್ಲಿ ಕಲಿಸುವದು ಒಳ್ಳೆಯದು. ಆಗ ಒಂದು ತಕ್ಕಡಿಯಿಂದಲೇ ಎಲ್ಲರನ್ನೂ ತೂಗಿದೆವೆಂದು ಮಕ್ಕಳು ಕಾಣುವರು.

5. ಬಂಟ್ವಾಳದ ಪಾಠ

ಬಂಟ್ವಾಳದಲ್ಲಿ ನೇತ್ರಾವತಿಯೇ ಪಾಠಪುಸ್ತಕ. ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಘಟ್ಟದ ಮೇಲಿನ ಸರಕು ಬಂಟ್ವಾಳ ಪೇಟೆಗೆ ಇಳಿದು, ಇಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಹೊಳೆಯ ದಡದಲ್ಲಿ ಇಷ್ಟು ಒತ್ತಾಗಿ ಪೇಟೆ ಬೆಳೆದದ್ದು ಯಾಕೆಂದು ಕೇಳಿದ ಮಗುವಿಗೆ ಇದೇ ಉತ್ತರ. ಅದೇ ಹೊಳೆ 1923ರಲ್ಲಿಯೂ 1974ರಲ್ಲಿಯೂ ಉಕ್ಕಿ ಪೇಟೆಯೊಳಗೆ ನುಗ್ಗಿತು. 1974ರ ನೆರೆಯನ್ನು ಕಂಡ ಅಜ್ಜಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನೀರು ಎಲ್ಲಿಯ ತನಕ ಬಂತು, ಯಾರು ಯಾರನ್ನು ದೋಣಿಗೆ ಹತ್ತಿಸಿದರು, ಎಲ್ಲಿ ಉಂಡರು ಎಂಬದನ್ನು ಮಕ್ಕಳು ಅವರಿಂದ ಕೇಳಿ ಬರೆದು ತರಲಿ. ಇಬ್ಬರು ಹೇಳಿದ್ದರಲ್ಲಿ ವ್ಯತ್ಯಾಸ ಕಂಡರೆ ಉಪಾಧ್ಯಾಯರು ಸಂತೋಷಪಡಬೇಕು. ಯಾಕಂದರೆ ಸಾಕ್ಷಿಗಳನ್ನು ಹೋಲಿಸುವದು ಹೇಗೆಂಬ ಪಾಠ ಅಲ್ಲಿಯೇ ಶುರುವಾಗುವದು.

1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ಒಂದು ದಂಡು ಪುತ್ತೂರು ಬಂಟ್ವಾಳಗಳ ದಾರಿಯಾಗಿ ಮಂಗಳೂರಿಗೆ ಹೋಗಿ ಏಪ್ರಿಲ್ ತಿಂಗಳಲ್ಲಿ ಕೆಲವು ದಿನ ಊರನ್ನು ವಶದಲ್ಲಿ ಇಟ್ಟುಕೊಂಡಿತು. 1834ರಲ್ಲಿ ಕುಂಪಣಿಯವರು ಕೊಡಗನ್ನು ಹಿಡಿದು ಅಮರಸುಳ್ಯ ಪುತ್ತೂರು ಭಾಗಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದ್ದರು. ಧಾನ್ಯದಲ್ಲಿ ಕೊಡುತ್ತಿದ್ದ ತೀರ್ವೆಯನ್ನು ಹಣದಲ್ಲಿಯೇ ಕೊಡಬೇಕಾದದ್ದು ರೈತರಿಗೆ ಭಾರವಾಯಿತು. ದಂಗೆ ಅಡಗಿದ ಮೇಲೆ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಅದಕ್ಕೆ "ಕಲ್ಯಾಣಪ್ಪನ ಕಾಟಕಾಯಿ" ಎಂದು, ಅಂದರೆ ಸುಲಿಗೆಯೆಂಬಂತೆ, ಹೆಸರು ಬಿದ್ದಿತು. ಈಗ ಅದನ್ನೇ ಅಮರಸುಳ್ಯದ ಸ್ವಾತಂತ್ರ್ಯ ಹೋರಾಟವೆಂದು ಕರೆಯುತ್ತಾರೆ. ಒಂದೇ ಸಂಗತಿಗೆ ಎರಡು ಹೆಸರು. ಹೆಸರಿಟ್ಟವರು ಯಾರು, ಅವರು ಎಲ್ಲಿ ನಿಂತು ನೋಡಿದರು ಎಂದು ಕೇಳುವದನ್ನು ದೊಡ್ಡ ಮಕ್ಕಳಿಗೆ ಇದರಿಂದ ಕಲಿಸಬಹುದು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನೂ ಮರೆಯಬಾರದು. ಉಪಾಧ್ಯಾಯರಾಗಿಯೂ ಶಾಲೆಗಳ ತನಿಖಾಧಿಕಾರಿಯಾಗಿಯೂ ಇದ್ದ ಇವರು ಮಕ್ಕಳಿಗಾಗಿ ಹಾಡುಗಳನ್ನೂ ಕಥೆಗಳನ್ನೂ ಬರೆದರು. ಕೋಟಿ ಚೆನ್ನಯರ ಕಥೆಯನ್ನು ತುಳುವಿನ ಪಾಡ್ದನದಿಂದ ಕನ್ನಡಕ್ಕೆ ತಂದರು. ಕನ್ನಡ ಪದ್ಯಗಳನ್ನು ಆರಿಸಿ ಇವರು ಸಿದ್ಧಪಡಿಸಿದ ಶಾಲಾ ಪುಸ್ತಕಗಳು ನಮ್ಮ ಮಿಶನಿನ ಅಚ್ಚುಕೂಟದಿಂದ ಹೊರಟವು. ನೆರೆಯವರೂ ನಾವೂ ಒಂದೇ ಪುಸ್ತಕಕ್ಕಾಗಿ ದುಡಿದೆವೆಂಬದು ಚರಿತ್ರೆಯಲ್ಲಿ ಬರೆಯತಕ್ಕ ಮಾತೇ.

6. ಮನೆಯ ಪೆಟ್ಟಿಗೆಯಲ್ಲಿರುವ ಚರಿತ್ರೆ

ಅರಸುಗಳ ಕಥೆಯಷ್ಟೇ ಚರಿತ್ರೆಯಲ್ಲ. ನಮ್ಮ ಅನೇಕರ ಮನೆಗಳಲ್ಲಿ ಹಳೇ ಪೆಟ್ಟಿಗೆಯೊಳಗೆ ಗೇಣಿ ಚೀಟಿಗಳು ಇರುತ್ತವೆ. ಮೂಲಗೇಣಿಯವನಿಗೆ ಭೂಮಿಯಲ್ಲಿ ಸ್ಥಿರವಾದ ಹಕ್ಕು ಇತ್ತು. ಚಾಲಗೇಣಿಯವನನ್ನು ಧಣಿ ಎಬ್ಬಿಸಬಹುದಾಗಿತ್ತು. ಗದ್ದೆಯಲ್ಲಿ ಬೆಳೆದದ್ದರಲ್ಲಿ ಇಷ್ಟು ಮುಡಿ ಅಕ್ಕಿ ಧಣಿಯ ಮನೆಗೆ ಅಳೆಯಬೇಕು. ಮಳೆ ಕೈಕೊಟ್ಟರೂ ಅಳೆಯಬೇಕು. ಭೂಸುಧಾರಣೆಯ ಕಾನೂನು ತಿದ್ದುಪಡಿಯಾಗಿ 1974ನೇ ಮಾರ್ಚಿ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತು ತಾವು ಉತ್ತ ಭೂಮಿಯ ಒಡೆತನ ಪಡೆದರು. ನೆರೆ ಬಂದ ವರುಷವೂ ಇದೇ. ಹಗ್ಗದಲ್ಲಿ ಎರಡಕ್ಕೂ ಒಂದೇ ಗಂಟು.

ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೂ ತರಗತಿಯಲ್ಲಿ ಒಕ್ಕಲಿನ ಮೊಮ್ಮಗನೂ ಧಣಿಯ ಮೊಮ್ಮಗಳೂ ಒಟ್ಟಿಗೆ ಕೂತಿರುತ್ತಾರೆ. ಸ್ವಲ್ಪವೇ ಭೂಮಿಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಜೀವಿಸುತ್ತಿದ್ದ ಮನೆಗಳು ಆಗ ಕಷ್ಟಕ್ಕೆ ಬಿದ್ದದ್ದೂ ಉಂಟು. ಇಬ್ಬರ ಅಜ್ಜಂದಿರ ಮಾತನ್ನೂ ಕೇಳಿದ ಮೇಲೆಯೇ ಪಾಠವನ್ನು ಮುಗಿಸಬೇಕು.

ಚಾವಣಿಯ ಹೆಂಚನ್ನು ಸಹ ಓದಬಹುದು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಹೆಂಚಿನ ಮೇಲೆ ಆ ಇಸವಿಯನ್ನು ಒತ್ತಿರುವದು ಕಾಣುತ್ತದೆ. ಮಗು ಅದನ್ನು ನೋಡಿ, ನಮ್ಮ ಮನೆ 1865ರದ್ದು ಎಂದು ಕೂಗುವದು. ಆಗ ಉಪಾಧ್ಯಾಯರು, ಅದು ಕಾರ್ಖಾನೆ ಹುಟ್ಟಿದ ವರುಷ, ಹೆಂಚು ಸುಟ್ಟ ವರುಷವಲ್ಲ ಎಂದು ತಿಳಿಸಲಿ. ಬರೆದದ್ದನ್ನು ಓದಿದರೆ ಸಾಲದು, ಯಾಕೆ ಬರೆದರೆಂದೂ ಕೇಳಬೇಕೆಂಬದು ಈ ಒಂದು ಹೆಂಚಿನಿಂದಲೇ ಮನಸ್ಸಿಗೆ ಹತ್ತುವದು.

7. ನಮ್ಮ ಸಭೆಯ ಚರಿತ್ರೆ

ಹಗ್ಗದ ಹತ್ತೊಂಭತ್ತನೆಯ ಗೇಣಿಗೆ ಈಗ ಬರೋಣ. ಹೆಬಿಕ್, ಲೇನರ್, ಗ್ರೈನರ್ ಎಂಬವರು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರಿಗೆ ಬಂದರು. ಹೆರ್ಮನ್ ಮೊಗ್ಲಿಂಗ್ 1843ನೇ ಜುಲೈ 1ರ ದಿನ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ತುಳು ಹೊಸ ಒಡಂಬಡಿಕೆ 1847ರಲ್ಲಿ ಅಚ್ಚಾಯಿತು. ಮೆನ್ನರರ ತುಳು ನಿಘಂಟು 1886ರಲ್ಲಿಯೂ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿಯೂ ಬಂದವು. ಇವುಗಳನ್ನು ಮಕ್ಕಳಿಗೆ ಕೃತಜ್ಞತೆಯಿಂದ ತಿಳಿಸಬೇಕು.

ಆದರೆ ಹೆಚ್ಚಳಪಡುವದಕ್ಕಾಗಿ ತಿಳಿಸಬಾರದು. ಆ ನಿಘಂಟುಗಳಲ್ಲಿರುವ ಮಾತುಗಳು ಜರ್ಮನಿಯಿಂದ ಬಂದವುಗಳಲ್ಲ. ಈ ನಾಡಿನ ರೈತರ, ಹೆಂಗಸರ, ಪಂಡಿತರ ಬಾಯಿಂದ ಬಂದವುಗಳು. ಬಂದವರು ಕಲಿತರು, ಇದ್ದವರು ಕಲಿಸಿದರು. ನಮ್ಮ ಸಭೆಗಳ ಮೊದಲಿನ ಕುಟುಂಬಗಳಲ್ಲಿ ಬಹು ಮಂದಿ ತುಳು ಮಾತಾಡುವ ಬಿಲ್ಲವ ಮನೆತನಗಳವರು. ನಂಬಿಕೆಗೆ ಬಂದಾಗ ಮನೆಯನ್ನೂ ನೆರೆಯನ್ನೂ ಕಳಕೊಂಡವರು ಅವರಲ್ಲಿ ಉಂಟು. ಮಿಶನರಿಗಳ ಹೆಸರುಗಳನ್ನು ಬಾಯಿಪಾಠ ಹೇಳುವ ಮಗುವಿಗೆ ತನ್ನ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದ ಹಿರಿಯರ ಹೆಸರು ಗೊತ್ತಿಲ್ಲದಿದ್ದರೆ ಪಾಠ ಅರ್ಧವೇ ಆಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಹುಟ್ಟಿದಾಗ ಜರ್ಮನ್ ಮಿಶನರಿಗಳನ್ನು ಸರಕಾರವು ಹಿಡಿದು ಸೆರೆಯ ಪಾಳೆಯಗಳಿಗೆ ಒಯ್ದಿತು. ಆ ದಿನಗಳಲ್ಲಿ ಸಭೆಗಳನ್ನು ಹೊತ್ತವರಲ್ಲಿ ನಮ್ಮ ದೇಶದ ಬೋಧಕರೂ ಉಪದೇಶಿಗಳೂ ಮೂಪ್ಪರೂ ಮುಖ್ಯರು. 1947ನೇ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಸ್ಥಾಪಿಸಲ್ಪಟ್ಟಿತು. ದೇಶ ಸ್ವತಂತ್ರವಾಗಿ ಆಗ ಆರು ವಾರಗಳಾಗಿದ್ದವು. ಲೋಕದ ದೊಡ್ಡ ಸಂಗತಿಗಳು ನಮ್ಮ ಚಿಕ್ಕ ಸಭೆಯ ಬಾಗಿಲಿಗೂ ಬರುತ್ತವೆಂದು ಮಕ್ಕಳು ಇದರಿಂದ ತಿಳಿಯುವರು.

8. ಉಪಾಧ್ಯಾಯರಿಗೆ ನಾಲ್ಕು ಮಾತುಗಳು

ಒಂದು: ಚರಿತ್ರೆಯ ಪಾಠವನ್ನು ವೇದಪಾಠವಾಗಿ ಮಾಡಬೇಡಿರಿ. ನಮ್ಮ ಶಾಲೆಗಳಲ್ಲಿ ಎಲ್ಲಾ ಮತಗಳ ಮಕ್ಕಳು ಓದುತ್ತಾರೆ. ಸರಕಾರದ ಸಹಾಯ ಹೊಂದುವ ಶಾಲೆಯಲ್ಲಿ ಯಾವ ಮಗುವನ್ನೂ ಹೆತ್ತವರ ಒಪ್ಪಿಗೆಯಿಲ್ಲದೆ ಮತಬೋಧೆಗೆ ಕೂರಿಸಬಾರದೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಚರಿತ್ರೆಯ ಪಾಠದಲ್ಲಿಯಾದರೋ ಎಲ್ಲರೂ ಕೂತಿರುತ್ತಾರೆ. ಅದು ಎಲ್ಲರದಾಗಿಯೇ ಇರಬೇಕು.

ಎರಡು: ಪ್ರತಿ ಪಾಠದಲ್ಲಿ, ಇದು ನಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿರಿ. ಶಾಸನದಿಂದಲೋ, ಕಾಗದದಿಂದಲೋ, ಕಂಡವರ ಬಾಯಿಂದಲೋ?

ಮೂರು: ನಮ್ಮವರ ತಪ್ಪುಗಳನ್ನು ಮರೆಸಬೇಡಿರಿ. ಸತ್ಯವೇದವು ದಾವೀದನ ಪಾಪವನ್ನೂ ಪೇತ್ರನ ನಿರಾಕರಣೆಯನ್ನೂ ಬಚ್ಚಿಟ್ಟಿಲ್ಲ. ತನ್ನ ಭಕ್ತರ ವಿಷಯದಲ್ಲಿ ಇಷ್ಟು ಸತ್ಯವಾಗಿ ಮಾತಾಡುವ ಗ್ರಂಥವನ್ನು ಓದುವವರು ತಮ್ಮ ಜನರ ವಿಷಯದಲ್ಲಿ ಸುಳ್ಳಾಡುವದು ತಕ್ಕದ್ದಲ್ಲ.

ನಾಲ್ಕು: ಮಗುವಿನ ವಯಸ್ಸನ್ನು ನೋಡಿ ಹೇಳಿರಿ. ಸಾವು ಸೆರೆಗಳ ಸಂಗತಿಯನ್ನು ಚಿಕ್ಕವರಿಗೆ ಸಂಕ್ಷೇಪವಾಗಿ, ದೊಡ್ಡವರಿಗೆ ವಿವರವಾಗಿ ಹೇಳಬಹುದು. ಚಿಕ್ಕವರಿಗೆಂದು ಸುಳ್ಳು ಬೆರೆಸಬೇಡಿರಿ. ಭಯಂಕರವಾದದ್ದನ್ನು ರುಚಿಗಾಗಿ ಹಿಗ್ಗಿಸಲೂ ಬೇಡಿರಿ.

9. ತಂದೆತಾಯಿಗಳು ಮಾಡತಕ್ಕದ್ದು

ಉಪಾಧ್ಯಾಯರೊಬ್ಬರಿಂದ ಈ ಕೆಲಸ ಆಗದು. ಯೆಹೋಶುವನ ಅಧ್ಯಾಯದಲ್ಲಿ ಉತ್ತರ ಹೇಳಬೇಕಾದವರು ತಂದೆಗಳು. ಆದಕಾರಣ ಪ್ರಿಯ ತಂದೆತಾಯಿಗಳೇ, ಮಗು ಹಳೇ ಸಂಗತಿಯನ್ನು ಕೇಳಿದಾಗ ಕೆಲಸವಿದೆಯೆಂದು ಓಡಿಸಬೇಡಿರಿ. ಮಳೆಗಾಲದ ಸಂಜೆ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಅಜ್ಜಿಯನ್ನು ಮಾತಾಡಿಸಿರಿ. ಅವರು ತುಳುವಿನಲ್ಲಿ ಹೇಳಿದ್ದನ್ನು ಮಗು ಕನ್ನಡದಲ್ಲಿ ಬರೆಯಲಿ. ಹಳೇ ಗೇಣಿ ಚೀಟಿ, ಫೋಟೋ, ಹಿರಿಯರ ಹೆಸರು ಬರೆದ ಹಳೇ ಸತ್ಯವೇದ ಮನೆಯಲ್ಲಿದ್ದರೆ ಕಸವೆಂದು ಬಿಸಾಡದೆ, ಗೆದ್ದಲು ಹಿಡಿಯದ ಜಾಗದಲ್ಲಿ ಇಟ್ಟು ಮಗುವಿಗೆ ತೋರಿಸಿರಿ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಸಂಗಡ ಹೋದ ಮಾತನ್ನು ಯಾವ ಪುಸ್ತಕದಿಂದಲೂ ತಿರಿಗಿ ತರಲಾಗದು.

ಈ ಪ್ರಕಾರ ಬೆಳೆದ ಮಗು ಮೂಡಬಿದ್ರೆಯ ಕಂಬದ ಮುಂದೆಯಾಗಲಿ ಗಡಾಯಿಕಲ್ಲಿನ ಕೆಳಗಾಗಲಿ ಪರದೇಶಿಯಂತೆ ನಿಲ್ಲದು. ಇದು ನನ್ನ ನಾಡು, ಇಲ್ಲಿ ನಡೆದ ಒಳ್ಳೆಯದೂ ಕೆಟ್ಟದ್ದೂ ನಾನು ತಿಳಿಯತಕ್ಕದ್ದು, ನನ್ನ ನೆರೆಯವನು ಈ ಹಗ್ಗದಲ್ಲಿ ನನ್ನ ಸಂಗಡ ಇರುವವನು ಎಂದು ಅದು ಅರಿಯುವದು. ಇಂಥ ಮಕ್ಕಳನ್ನು ಬೆಳಸುವ ಜ್ಞಾನವನ್ನು ಕರ್ತನು ನಮಗೆ ದಯಪಾಲಿಸಲಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೆಹೋಶುವ 4ರಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರ ಹೇಳತಕ್ಕವರು ಯಾರು? ನಮ್ಮ ಮನೆಯಲ್ಲಿ ಆ ಕೆಲಸವನ್ನು ಈಗ ಯಾರು ಮಾಡುತ್ತಾರೆ?
2. ನಿಮ್ಮ ಕುಟುಂಬದಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರ ಹೆಸರೇನು? ಅವರಿಗೆ ಮುಂಚಿನ ಹಿರಿಯರು ಯಾವ ಊರಲ್ಲಿ ಏನು ಕೆಲಸ ಮಾಡುತ್ತಿದ್ದರು?
3. ನಿಮ್ಮ ಊರಿನ ಒಂದು ಹಳೇ ಕಟ್ಟಡ ಅಥವಾ ಕಲ್ಲಿನ ವಿಷಯದಲ್ಲಿ ತಿಳಿದದ್ದು ಏನು, ಜನರು ಹೇಳುವದು ಏನು?
4. ಅಬ್ಬಕ್ಕ ರಾಣಿಯ ಸಂಗತಿಯನ್ನೂ 1784ರ ಸೆರೆಯ ಸಂಗತಿಯನ್ನೂ ಒಂದೇ ತರಗತಿಯಲ್ಲಿ ಯಾರ ಮನಸ್ಸಿಗೂ ದ್ವೇಷ ಹುಟ್ಟದಂತೆ ಹೇಗೆ ಹೇಳುವಿರಿ?
5. 1974ರ ನೆರೆಯನ್ನಾಗಲಿ ಗೇಣಿಯ ಕಾಲವನ್ನಾಗಲಿ ಕಂಡ ಹಿರಿಯರು ನಿಮ್ಮ ಸಭೆಯಲ್ಲಿ ಯಾರು ಇದ್ದಾರೆ? ಈ ತಿಂಗಳಲ್ಲಿ ಅವರ ಬಳಿಗೆ ಮಕ್ಕಳನ್ನು ಕರಕೊಂಡು ಹೋಗುವವರು ಯಾರು?